ಆಚಾರಿಯ ಮನೆಯಿಂದ ಕೊಡಗಿನವರಿಗೊಂದು ಬಹಿರಂಗ ಪತ್ರ

ಕೊಡಗಿನ ಬಂಧುಗಳಿಗೆ, ಮತ್ತು ವರ್ಷವರ್ಷವೂ ಈ ಜಿಲ್ಲೆಯ ಮಳೆಗಾಲವನ್ನು ನಿಭಾಯಿಸುವ ಹೊಣೆ ಹೊತ್ತ ಅಧಿಕಾರಿಗಳೆಲ್ಲರಿಗೆ,

ನಮಸ್ಕಾರ.

ನಾಪೋಕ್ಲು ಕಡೆಯ ಒಂದು ಹಳ್ಳಿಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಕುಲುಮೆ ನಡೆಸಿದ ಆಚಾರಿಯ ಮಗಳು ನಾನು. ನಿಮ್ಮಲ್ಲಿ ಎಷ್ಟೋ ಜನರ ಅಟ್ಟದ ಮೇಲೆ, ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ, ಜೀಪಿನ ಸೀಟಿನ ಕೆಳಗೆ ಅಪ್ಪ ಮಾಡಿದ ಕತ್ತಿ ಇದೆ. ಅಲಗಿನ ಬುಡದಲ್ಲಿ, ಹಿಡಿ ಶುರುವಾಗುವ ಕಡೆ, ಉಳಿಯಲ್ಲಿ ಹೊಡೆದ ಮೂರು ಚುಕ್ಕೆ ಇದ್ದರೆ ಅದು ಅವರದೇ. ಅಪ್ಪ ಈ ಫೆಬ್ರವರಿಯಲ್ಲಿ ತೀರಿಕೊಂಡರು. ಆರು ವರ್ಷ ಕಾಯಿಲೆಯಲ್ಲಿದ್ದರು. ಅದರಲ್ಲಿ ಕೊನೆಯ ಮೂರು ವರ್ಷ ಆಮ್ಲಜನಕದ ಯಂತ್ರ ಇಲ್ಲದೆ ಅವರಿಗೆ ದಿನ ಕಳೆಯುತ್ತಿರಲಿಲ್ಲ.

ಮನೆಗೆ ಬಂದು ಅಮ್ಮನ ಹತ್ತಿರ ಕೂತು ಹೋದವರಿಗೆಲ್ಲ ಬಾಯಿಮಾತಿನಲ್ಲಿ ಕೃತಜ್ಞತೆ ಹೇಳಿದ್ದೇನೆ. ಬರಲಾಗದವರಿಗೆ ಈ ಪತ್ರದಲ್ಲಿ ಹೇಳುತ್ತೇನೆ. ಜೊತೆಗೆ ಒಂದು ಬೇಡಿಕೆಯಿದೆ. ಅದು ದುಡ್ಡಿನದಲ್ಲ, ಕಟ್ಟಡದ್ದೂ ಅಲ್ಲ. ಆಮ್ಲಜನಕದ ಯಂತ್ರವಿರುವ ಮನೆಗಳ ಒಂದು ಪಟ್ಟಿ ಬರೆದಿಡಿ ಎಂಬುದಷ್ಟೇ. ಯಾಕೆ ಎಂದು ತಿಳಿಯಬೇಕಾದರೆ ಅಪ್ಪನ ವಿಚಾರ ಸ್ವಲ್ಪ ಹೇಳಬೇಕು.

ಕುಲುಮೆ ಅಂದರೆ ದೊಡ್ಡದೇನಲ್ಲ. ಮನೆಯ ಮಗ್ಗುಲಿಗೆ ಇಳಿಸಿದ ಹೆಂಚಿನ ಮಾಡು, ಮಣ್ಣಿನ ನೆಲ, ಒಂದು ಕಿಟಕಿ. ಆ ಕಿಟಕಿಗೂ ಅಪ್ಪ ಗೋಣಿಚೀಲ ಇಳಿಬಿಡುತ್ತಿದ್ದರು. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ, ಕತ್ತಲಲ್ಲಿಟ್ಟರೆ ಮಾತ್ರ ನಿಜ ಹೇಳುತ್ತದೆ ಅನ್ನುತ್ತಿದ್ದರು. ಹಾಗಾಗಿ ಮಟಮಟ ಮಧ್ಯಾಹ್ನವೂ ಒಳಗೆ ಮುಸ್ಸಂಜೆ. ಶಾಲೆಯಿಂದ ಬಂದ ನಾನು ಬಾಗಿಲಲ್ಲಿ ನಿಂತು, ಕಣ್ಣು ಹೊಂದಿಕೊಳ್ಳುವ ತನಕ ಅಪ್ಪನನ್ನು ಸದ್ದಿನಿಂದಲೇ ಗುರುತಿಸಬೇಕಿತ್ತು. ಕಬ್ಬಿಣದ ಮೇಲೆ ಎರಡು ಏಟು, ಬರಿಯ ಅಡಿಗಲ್ಲಿನ ಮೇಲೆ ಒಂದು ಹಗುರ ಏಟು, ಮತ್ತೆ ಕಬ್ಬಿಣದ ಮೇಲೆ ಎರಡು. ಆ ಖಾಲಿ ಏಟು ಯಾಕೆ ಎಂದು ಕೇಳಿದ್ದೆ. 'ಕೈ ಯೋಚನೆ ಮಾಡ್ಲಿಕ್ಕೆ ಅಷ್ಟು ಹೊತ್ತು ಬೇಕಲ್ಲ ಮಗಾ' ಅಂದಿದ್ದರು. ಬೆಳಕು ಒಳಗೆ ಬಾರದಂತೆ ಕಟ್ಟಿದ ಗೋಣಿಚೀಲ ಹೊಗೆಯನ್ನೂ ಹೊರಗೆ ಹೋಗದಂತೆ ಹಿಡಿದಿಡುತ್ತಿತ್ತು. ಅದು ನಮಗೆ ಹೊಳೆಯುವ ಹೊತ್ತಿಗೆ ಬಹಳ ತಡವಾಗಿತ್ತು.

ಅಪ್ಪ ಕತ್ತಿ ಮಾಡುತ್ತಿದ್ದದ್ದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಮೈಸೂರಿನ ಗುಜರಿಯಿಂದ ತರಿಸುತ್ತಿದ್ದರು. ಕಾಯಿಸಿ, ಬಡಿದು, ಆಕಾರಕ್ಕೆ ತಂದ ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಅದು ಗಾಜಿನ ಹಾಗೆ ಗಡಸಾಗುತ್ತದೆ. ಹಾಗೇ ಬಿಟ್ಟರೆ ಕಲ್ಲಿಗೆ ತಾಗಿದ ಕೂಡಲೇ ಚಕ್ಕೆ ಏಳುತ್ತದೆ. ಹದ ಬರಬೇಕಾದರೆ ಉಜ್ಜಿ ಹೊಳಪು ಬರಿಸಿ ಕೆಂಡದ ಮೇಲೆ ಇನ್ನೊಮ್ಮೆ ಹಿಡಿಯಬೇಕು. ಆಗ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಬಣ್ಣ ಹರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬಾಯಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತಿದ್ದ ಹಾಗೇ ತೆಗೆದುಬಿಡಬೇಕು. ನೀಲಿಗೆ ಹೋಯಿತೋ, ಬಾಯಿ ಮೆತ್ತಗಾಯಿತು, ಮತ್ತೆ ಮೊದಲಿನಿಂದ. ಅಪ್ಪನ ಕೈಯಲ್ಲಿ ನೀಲಿಗೆ ಹೋದ ಕತ್ತಿಯನ್ನು ನಾನು ನೋಡಿದ್ದು ಎರಡೇ ಸಲ.

ಮರ ಕಪಾತಿನವರಿಗೆ, ಅಂದರೆ ತೋಟದ ಮರಗಳ ಕೊಂಬೆ ಕಡಿಯುವವರಿಗೆ, ಕತ್ತಿ ಮಾಡುವ ಮುಂಚೆ ಅವರ ತೋಳು ನೋಡುತ್ತಿದ್ದರು. ಸಿಲ್ವರ್ ಓಕ್ ಮರದ ತುದಿಯಲ್ಲಿ ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಬೀಸುವವನಿಗೆ ಕತ್ತಿಯ ತೂಕ ನಾಲ್ಕು ತೊಲ ಹೆಚ್ಚಾದರೂ ಸಂಜೆಯ ಹೊತ್ತಿಗೆ ಕೈ ಸೋಲುತ್ತದೆ, ಸೋತ ಕೈಯವನು ಬೀಳುತ್ತಾನೆ ಎಂಬುದು ಅವರ ಲೆಕ್ಕ. ಎಡಗೈಯವರಿಗೆ ಬೇರೆಯದೇ ಅಲಗು. ಮದುವೆ ಮನೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿಗೆ ಸುತ್ತಿನ ನಾಲ್ಕಾರು ಐನ್‌ಮನೆಯವರು, ಅಂದರೆ ಕೊಡವರ ಮೂಲಮನೆಯವರು, ಅಪ್ಪನ ಹತ್ತಿರವೇ ಬಾಯಿ ತಟ್ಟಿಸುತ್ತಿದ್ದರು. ಆ ಬಾಳೆ ಒಂದೇ ಏಟಿಗೆ ಬೀಳಬೇಕು. ಬಿತ್ತು ಎಂಬ ಸುದ್ದಿ ಬರುವ ತನಕ ಅಪ್ಪನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ದುಡ್ಡಿನ ವಿಷಯದಲ್ಲಿ ಅಪ್ಪ ಮೃದು. 'ಕಾಫಿ ಕುಯ್ಲು ಮುಗಿದ ಮೇಲೆ ಕೊಡ್ತೇನೆ ಆಚಾರಿ' ಅಂದವರ ಹೆಸರು ಗೋಡೆಯ ಮೇಲೆ ಇದ್ದಿಲಿನಲ್ಲಿ ಇರುತ್ತಿತ್ತು. ಮಳೆಗಾಲದಲ್ಲಿ ಗೋಡೆ ಬೆವರಿ ಹೆಸರುಗಳು ಅಳಿಸಿ ಹೋಗುತ್ತಿದ್ದವು, ಅಪ್ಪ ಮತ್ತೆ ಬರೆಯುತ್ತಿರಲಿಲ್ಲ. ತೋಟದ ಕೆಲಸದವರಿರುವ ಲೈನ್‌ಮನೆಯ, ಎರವ ಬುಡಕಟ್ಟಿನ ಹೆಂಗಸೊಬ್ಬರು ಕಳೆ ಕತ್ತಿ ತಟ್ಟಿಸಿಕೊಂಡು ಹೋಗಿ ವಾರದ ನಂತರ ಒಂದು ಮೊರ ಕಳಲೆ ತಂದಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಎಳೆಯ ಬಿದಿರನ್ನು ಹೆಚ್ಚಿ, ಎರಡು ದಿನ ನೀರು ಬದಲಿಸಿಯೇ ತಂದಿದ್ದರು. ಅಮ್ಮ ಇವತ್ತಿಗೂ ಆ ರುಚಿಯ ಮಾತಾಡುತ್ತಾರೆ.

ಕೆಮ್ಮು ಶುರುವಾದದ್ದು ಮಳೆ ಜೋರಾಗಿರುವ ಒಂದು ಕಕ್ಕಡ ತಿಂಗಳಲ್ಲಿ. ಆ ತಿಂಗಳಲ್ಲಿ ಕೆಮ್ಮದವರು ಯಾರಿದ್ದಾರೆ ಎಂದು ಎಲ್ಲರೂ ಸುಮ್ಮನಿದ್ದೆವು. ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡಿ ಕೊಟ್ಟೆವು. ಕೆಮ್ಮು ಬೇಸಿಗೆಗೂ ನಿಲ್ಲಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದಾಗ ಒಂದು ನಳಿಕೆಗೆ ಬಾಯಿ ಕೊಟ್ಟು ಊದಿಸಿ ನೋಡಿ, ಸಿಒಪಿಡಿ ಅಂದರು. ಶ್ವಾಸಕೋಶದ ದಾರಿಗಳು ವರ್ಷಗಟ್ಟಲೆ ಹೊಗೆ ಕುಡಿದು ಕುಗ್ಗಿ ಹೋಗಿರುವ ಕಾಯಿಲೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. 'ಬೀಡಿ ಎಷ್ಟು ವರ್ಷದಿಂದ?' ಎಂದು ಡಾಕ್ಟರು ಕೇಳಿದರು. ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಇದ್ದಿಲಿನ ಹೊಗೆ, ಸಾಣೆಯ ದೂಳು, ಒಲೆಯ ಸೌದೆ, ಇವು ಸಾಕು ಈ ಕಾಯಿಲೆಗೆ. ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ ಮೊದಲ ವರ್ಷ ಅದನ್ನು ಸರಿಯಾಗಿ ಎಳೆದುಕೊಳ್ಳಲಿಲ್ಲ. ಈ ತಪ್ಪು ತಿಳಿವಳಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅದು ಚಟ ಹಿಡಿಸುವ ವಸ್ತುವಲ್ಲ. ದಯವಿಟ್ಟು ಡಾಕ್ಟರು ಹೇಳಿದಷ್ಟು, ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ಮನೆಗೆ ಯಂತ್ರ ಬಂತು.

ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬ ಹೆಸರು 2021ರ ಕೊರೊನಾ ಎರಡನೇ ಅಲೆಯಲ್ಲಿ ಎಲ್ಲರ ಕಿವಿಗೂ ಬಿದ್ದಿದೆ. ಕೋಣೆಯ ಗಾಳಿಯನ್ನೇ ಎಳೆದು, ಅದರಲ್ಲಿನ ಸಾರಜನಕವನ್ನು ಹಿಡಿದಿಟ್ಟು, ಆಮ್ಲಜನಕವನ್ನು ಮೂಗಿನ ನಳಿಕೆಗೆ ಕಳಿಸುವ ಪೆಟ್ಟಿಗೆ. ಅಪ್ಪನಂಥ ರೋಗಿಗಳಿಗೆ ದಿನಕ್ಕೆ ಕನಿಷ್ಠ 15 ಗಂಟೆ ಇದು ಬೇಕು, ಅಷ್ಟಾದರೆ ಆಯುಷ್ಯ ಹೆಚ್ಚುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಅಪ್ಪನಿಗೆ 88ರಿಂದ 92ರ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚೂ ಒಳ್ಳೆಯದಲ್ಲ. ಅಪ್ಪ ಇದನ್ನು ಎರಡೇ ದಿನದಲ್ಲಿ ಅರ್ಥ ಮಾಡಿಕೊಂಡರು, ಅವರ ಕಸುಬಿನ ಮಾತೇ ಅದು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಚಾಚಿ 'ಬಣ್ಣ ಎಷ್ಟಕ್ಕೆ ಬಂತು ನೋಡು' ಅನ್ನುತ್ತಿದ್ದರು. ತೊಂಬತ್ತು ಅಂದರೆ 'ಒಣಹುಲ್ಲು' ಅಂದು ಕಣ್ಣು ಮುಚ್ಚುತ್ತಿದ್ದರು. ಎಂಬತ್ತಕ್ಕಿಂತ ಕೆಳಗೆ ಹೋದ ದಿನ ನಾನು ಸಂಖ್ಯೆ ಹೇಳುತ್ತಿರಲಿಲ್ಲ. ಆದರೆ ಅವರ ತುಟಿ ನೀಲಿಯಾಗಿರುತ್ತಿತ್ತು. ನಮ್ಮ ಮುಖ ನೋಡಿ ಅವರಿಗೆ ತಿಳಿಯುತ್ತಿತ್ತು.

ಆ ಯಂತ್ರದ ಜೊತೆ ಒಂದು ಕಟ್ಟಳೆಯೂ ಬಂತು. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವ ಯಾವುದನ್ನಾದರೂ ಧಗ್ಗನೆ ಉರಿಸುತ್ತದೆ. ಹಾಗಾಗಿ ರೋಗಿಯ ಹತ್ತಿರ ಒಲೆ, ದೀಪ, ಊದುಬತ್ತಿ, ಯಾವ ಬೆಂಕಿಯೂ ಇರಕೂಡದು. ಹತ್ತು ವರ್ಷದ ಹುಡುಗನಾಗಿದ್ದಾಗ ಅಜ್ಜನ ತಿದಿ ಒತ್ತಲು ಕೂತ ಮನುಷ್ಯ ಬೆಂಕಿಯಿಂದ ದೂರ ಕೂರಬೇಕಾಯಿತು. ಕೊಡಗಿನ ಮಳೆಗಾಲ ಕಳೆದವರಿಗೆ ಇದು ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಿಲ್ಲ. ಜೂನ್ ಮಧ್ಯದಿಂದ ನಮ್ಮ ಬದುಕೆಲ್ಲ ಒಲೆಯ ಸುತ್ತ. ಬಟ್ಟೆ ಒಣಗುವುದೂ ಅಲ್ಲೇ, ಹಲಸಿನ ಬೀಜ ಸುಡುವುದೂ ಅಲ್ಲೇ, ಮಾತು ಆಡುವುದೂ ಅಲ್ಲೇ. ಅಪ್ಪ ಮಾತ್ರ ಮುಂದಿನ ಕೋಣೆಯಲ್ಲಿ, ಎರಡು ಕಂಬಳಿ ಹೊದ್ದು, ನಮ್ಮ ಮಾತಿಗೆ ಅಲ್ಲಿಂದಲೇ ಹೂಂಗುಟ್ಟುತ್ತಿದ್ದರು. ಕೊನೆಗೆ ನಾವೇ ಒಲೆ ಬಿಟ್ಟು ಅವರ ಕೋಣೆಗೆ ಹೋಗಿ ಚಳಿಯಲ್ಲಿ ಕೂರುವುದು ರೂಢಿಯಾಯಿತು. ಕುಲುಮೆಯಲ್ಲಿ ಮೂರು ವರ್ಷ ಕೆಂಡ ಬೀಳಲಿಲ್ಲ. ಅಡಿಗಲ್ಲಿಗೆ ತುಕ್ಕು ಬಾರದಂತೆ ಅಮ್ಮ ತಿಂಗಳಿಗೊಮ್ಮೆ ಎಣ್ಣೆ ಒರೆಸುತ್ತಿದ್ದರು.

ಈಗ ಕರೆಂಟಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿದ್ದ, ನಿಮಿಷಕ್ಕೆ 5 ಲೀಟರ್ ತನಕ ಕೊಡುವ ಯಂತ್ರಕ್ಕೆ ಸುಮಾರು 350 ವ್ಯಾಟ್ ಬೇಕು. ದಿನಕ್ಕೆ 20 ಗಂಟೆ ಓಡಿದರೆ 7 ಯೂನಿಟ್, ತಿಂಗಳಿಗೆ 210. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದು ನಿಯಮ. ಅಂದರೆ ಎರಡು ಬಲ್ಬು, ಒಂದು ಟಿವಿಯ ಮನೆ ಕೂಡ ರೋಗಿಯ ಉಸಿರಿನ ಕಾರಣಕ್ಕೆ ಆ ಸೌಲಭ್ಯದ ಹೊರಗೆ ಉಳಿಯುತ್ತದೆ. ನಾವು ಹೇಗೋ ಕಟ್ಟಿದೆವು. ಲೈನ್‌ಮನೆಯಲ್ಲಿ ಇಂಥ ರೋಗಿಯಿದ್ದರೆ ಅವರು ಏನು ಮಾಡುತ್ತಾರೋ. ವೈದ್ಯರ ಚೀಟಿ ತೋರಿಸಿದ ಮನೆಗಳಿಗೆ ಯಂತ್ರದ ಯೂನಿಟ್ಟನ್ನು ಲೆಕ್ಕದಿಂದ ಬಿಟ್ಟುಬಿಡಿ ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

ಬಿಲ್ಲಿಗಿಂತ ದೊಡ್ಡ ಚಿಂತೆ ಕರೆಂಟು ಹೋಗುವುದು. 150 ಆಂಪಿಯರ್ ಅವರ್ ಬ್ಯಾಟರಿಯ ಇನ್ವರ್ಟರ್ ಕೂರಿಸಿದ್ದೆವು. ಹೊಸದರಲ್ಲಿ ಅದು ಈ ಯಂತ್ರವನ್ನು ನಾಲ್ಕು ಗಂಟೆ ಎಳೆಯುತ್ತದೆ. ಮೇಲೆ 1,500 ಲೀಟರಿನ ಒಂದು ಚಿಕ್ಕ ಸಿಲಿಂಡರ್. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ಹನ್ನೆರಡು ಗಂಟೆ. ಎರಡೂ ಸೇರಿ ಹದಿನಾರು. ನಮ್ಮ ಊರಿನಲ್ಲಿ ಮಳೆಗಾಲದ ಒಂದು ದೊಡ್ಡ ಗಾಳಿಗೆ ಕರೆಂಟು ಎಷ್ಟು ದಿನ ಹೋಗುತ್ತದೆ ಎಂದು ಕೊಡಗಿನವರಾದ ನಿಮಗೆ ಗೊತ್ತು. ಲೈನು ತೋಟದ ಒಳಗಿಂದ ಬರುತ್ತದೆ, ತೋಟದ ತುಂಬ ಮರ, ನೆನೆದ ಮಣ್ಣಿನಲ್ಲಿ ಬೇರು ಹಿಡಿತ ಬಿಡುತ್ತದೆ.

ಯಂತ್ರ ಬಂದ ಎರಡನೆಯ ಮಳೆಗಾಲದ ಜುಲೈಯಲ್ಲಿ ಆ ದಿನ ಬಂತು. ಸಂಜೆ ಐದೂವರೆಗೆ ಕಾಡಿನ ಕಡೆಯಿಂದ ಗಾಳಿ ಕೂಗಿಕೊಂಡು ಬಂತು. ಮೇಲಿನ ತೋಟದಲ್ಲಿ ಮರ ಮುರಿದ ಸದ್ದು, ಒಂದಲ್ಲ, ಸಾಲಾಗಿ. ಯಂತ್ರ ಕೂಗಿಕೊಂಡು ನಿಂತಿತು. ಇನ್ವರ್ಟರ್ ಹಿಡಿಯಿತು. ರಾತ್ರಿ ಒಂಬತ್ತೂಕಾಲಿಗೆ ಅದೂ ಮುಗಿಯಿತು, ಬ್ಯಾಟರಿ ಹಳೆಯದಾಗಿತ್ತು. ಸಿಲಿಂಡರಿಗೆ ನಳಿಕೆ ಬದಲಿಸಿದೆವು. ಮೊಬೈಲಿನಲ್ಲಿ ಸಿಗ್ನಲ್ ಇದ್ದದ್ದು ಇನ್ನೊಂದು ಗಂಟೆ. ಟವರಿಗೂ ಬ್ಯಾಟರಿ ತಾನೇ. ಆ ಒಂದು ಗಂಟೆಯಲ್ಲಿ ದೂರು ಕೊಡಲು ಫೋನ್ ಮಾಡಿದಾಗ, ಎತ್ತಿದವರು 'ಎಲ್ಲರ ಮನೆಯಲ್ಲೂ ಕರೆಂಟ್ ಇಲ್ಲಮ್ಮ' ಅಂದರು. ನಾನು ಯಂತ್ರದ ವಿಷಯ ಹೇಳುತ್ತಿದ್ದೆ, ಅಷ್ಟರಲ್ಲಿ ಲೈನ್ ಕಡಿಯಿತು.

ರಾತ್ರಿಯಿಡೀ ನಾನೂ ಅಮ್ಮನೂ ಗೇಜಿನ ಮುಳ್ಳು ನೋಡುತ್ತ ಕೂತೆವು. ಟಾರ್ಚ್ ಬೆಳಕಿನಲ್ಲಿ ಮುಳ್ಳು ಅಲುಗಿದಂತೆ ಕಾಣುತ್ತಿರಲಿಲ್ಲ, ಅರ್ಧ ಗಂಟೆ ಬಿಟ್ಟು ನೋಡಿದರೆ ಇಳಿದಿರುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಅಪ್ಪನೇ 'ಒಂದಕ್ಕೆ ಇಳಿಸು' ಅಂದರು. ನಾನು ಆಗದು ಅಂದೆ. 'ಇದ್ದಿಲು ಕಮ್ಮಿ ಇದ್ದಾಗ ಗಾಳಿ ಕಮ್ಮಿ ಕೊಡ್ಬೇಕು' ಅಂದರು. ಒಂದು ಲೀಟರಿಗೆ ಇಳಿಸಿದೆ. ಅವರು ಎದ್ದು ಕೂತು, ಮಂಚದ ಅಂಚಿಗೆ ಎರಡೂ ಕೈ ಊರಿ, ತುಟಿ ಕೂಡಿಸಿ ಮೆಲ್ಲಗೆ ಉಸಿರು ಬಿಡುವುದನ್ನು ಬೆಳಗಿನ ತನಕ ಮಾಡಿದರು. ಒಂದು ಮಾತೂ ಆಡಲಿಲ್ಲ. ಬೆರಳಿನ ಯಂತ್ರ 79 ತೋರಿಸುತ್ತಿತ್ತು.

ಬೆಳಿಗ್ಗೆ ಕಾವೇರಿ ಉಕ್ಕಿ ಮೂರ್ನಾಡಿನ ರಸ್ತೆಗೆ ನೀರು ಬಂದಿದೆ ಎಂಬ ಸುದ್ದಿ ಬಂತು. ಮಡಿಕೇರಿಗೆ ಹೋಗುವ ಇನ್ನೊಂದು ದಾರಿಗೆ ಮರ ಬಿದ್ದಿತ್ತು. ಅರ್ಧ ಮೈಲಿ ಆಚೆಯ ತೋಟದ ಬಂಗಲೆಯಲ್ಲಿ ಜನರೇಟರ್ ಇದೆ ಎಂದು ಹೊಳೆದದ್ದು ಅಮ್ಮನಿಗೆ. ನಾನು ಓಡಿದೆ. ತೋಟದ ಯಜಮಾನರು ಪೂರ್ತಿ ಕೇಳುವ ಮೊದಲೇ ಲೈನ್‌ಮನೆಯ ಕಡೆ ಕೂಗಿದರು. ಅಸ್ಸಾಮಿನಿಂದ ಕೆಲಸಕ್ಕೆ ಬಂದಿದ್ದ ನಾಲ್ಕು ಹುಡುಗರು ಮಳೆಗೆ ಹೊದೆಯುವ ಗೊರಗ ಕೂಡ ಇಲ್ಲದೆ ಬಂದರು. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಕೆಳಗೆ ಎರಡು ಬಿದಿರು ಕಟ್ಟಿ, ಮೇಲೆ ಟಾರ್ಪಾಲು ಹಿಡಿದು, ಗದ್ದೆಯ ಏರಿಯ ಮೇಲೆ ಹೊತ್ತು ನಡೆದರು. ಒಬ್ಬ ಸಿಲಿಂಡರನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದ. ಅವರ ಸೊಂಟದಲ್ಲಿದ್ದ ಕತ್ತಿಗಳು ಅಪ್ಪ ಮಾಡಿದ್ದವು. ಹಿಂದಿನ ವರ್ಷಗಳಲ್ಲಿ ತೋಟಕ್ಕೆಂದು ಒಟ್ಟಿಗೆ ಮಾಡಿ ಕೊಟ್ಟಿದ್ದು. ಅಪ್ಪ ಕುರ್ಚಿಯಲ್ಲಿ ಕೂತೇ ಮುಂದಿನವನ ಕತ್ತಿಯ ಕಡೆ ಬೆರಳು ತೋರಿಸಿದರು. ಹಿಡಿ ಸಡಿಲವಾಗಿತ್ತು, ಅದನ್ನು ಹೇಳಲು ಅವರಿಗೆ ಉಸಿರಿರಲಿಲ್ಲ.

ಬಂಗಲೆಯ ಜಗುಲಿಯಲ್ಲಿ ಎರಡು ರಾತ್ರಿ, ಮೂರು ಹಗಲು ಜನರೇಟರ್ ಓಡಿತು. ಡೀಸೆಲ್ಲಿನ ಲೆಕ್ಕ ಕೇಳಿದಾಗ ಆ ಮನೆಯ ಅಕ್ಕ 'ಆಚಾರಿಯ ಹತ್ತಿರ ನಾವು ಬರೆಸಿದ ಸಾಲ ಮಳೆಗೆ ಅಳಿಸಿ ಹೋಯ್ತಲ್ಲ, ಇದೂ ಹಾಗೇ' ಅಂದರು. ಅಕ್ಕಾ, ಆ ಹುಡುಗರೇ, ನಿಮಗೆ ನಾವು ಏನು ಹೇಳಿದರೂ ಕಡಿಮೆ. ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ. ಯಾರಾದರೂ ಇದನ್ನು ಅವರಿಗೆ ಹೇಳಿ.

ನಾಲ್ಕನೆಯ ದಿನ ಲೈನ್‌ಮ್ಯಾನ್‌ಗಳು ನಮ್ಮ ತೋಟದೊಳಗೆ ಬಂದರು. ಮೂವರು. ಮೂರು ದಿನದಿಂದ ಮನೆಗೆ ಹೋಗಿರಲಿಲ್ಲ. ಕಾಲಿನ ತುಂಬ ಜಿಗಣೆ ಕಚ್ಚಿದ ರಕ್ತ, ಹೆಗಲ ಮೇಲೆ ತಂತಿಯ ಸುರುಳಿ. ಮೊಣಕಾಲುದ್ದ ನೀರಿನಲ್ಲಿ ಕಂಬ ನಿಲ್ಲಿಸಿ ಬಂದಿದ್ದರು. ಅಮ್ಮ ಬೆಲ್ಲದ ಕಾಫಿ ಕೊಟ್ಟರು. ಹಿರಿಯರೊಬ್ಬರು ಲೋಟ ಹಿಡಿದು ಒಳಗೆ ಇಣುಕಿದವರು ಯಂತ್ರ ನೋಡಿ, ಇದು ಯಾರಿಗೆ ಎಂದು ಕೇಳಿದರು. ಹೇಳಿದೆವು. ಅವರು ಕಾಫಿ ಕೆಳಗಿಟ್ಟರು. 'ಮೊದಲೇ ಗೊತ್ತಿದ್ದರೆ ಈ ಕಡೆಯಿಂದಲೇ ಶುರು ಮಾಡ್ತಿದ್ದೆವು ಅಮ್ಮ. ನಮಗೆ ಎರಡೂ ಕಡೆ ಒಂದೇ. ಆ ತುದಿಯಿಂದ ಬಂದ್ವಿ, ಅಷ್ಟೇ' ಅಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಅವರಿಗೆ ಮನಸ್ಸಿತ್ತು, ಮೈಯಲ್ಲಿ ಶಕ್ತಿಯೂ ಇತ್ತು. ಗೊತ್ತಿರಲಿಲ್ಲ. ಯಾವ ಮನೆಯಲ್ಲಿ ಒಬ್ಬರ ಉಸಿರು ತಂತಿಗೆ ಕಟ್ಟಿಕೊಂಡಿದೆ ಎಂದು ತಿಳಿಸುವ ಒಂದು ಹಾಳೆ ಅವರ ಜೇಬಿನಲ್ಲಿ ಇರಲಿಲ್ಲ.

ಆ ಹಾಳೆ ಬರೆಯುವುದು ಕಷ್ಟವಲ್ಲ. ಪ್ರತಿ ಕರೆಂಟ್ ಬಿಲ್ಲಿನ ಮೇಲೂ ಆರ್.ಆರ್. ನಂಬರ್ ಇದೆ, ಆ ನಂಬರು ಯಾವ ಟೀಸಿಗೆ, ಅಂದರೆ ಯಾವ ಟ್ರಾನ್ಸ್‌ಫಾರ್ಮರಿಗೆ, ಸೇರಿದ್ದು ಎಂದು ಇಲಾಖೆಯಲ್ಲಿ ತಿಳಿಯುತ್ತದೆ. ಯಾವ ಮನೆಯಲ್ಲಿ ಯಾರು ಯಂತ್ರದ ಮೇಲಿದ್ದಾರೆ ಎಂದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತು. ಈ ಎರಡು ತಿಳಿವಳಿಕೆ ಒಂದೇ ಮೇಜಿನ ಮೇಲೆ ಸೇರಬೇಕು. ಜೂನ್‌ಗೆ ಮುಂಚೆ ಮುಂಗಾರಿನ ಸಿದ್ಧತೆಗೆಂದು ಸಭೆಗಳು ಹೇಗೂ ನಡೆಯುತ್ತವೆ. 2018ರ ಆಗಸ್ಟಿನ ಭೂಕುಸಿತದ ನಂತರ ದೋಣಿ, ಗರಗಸ, ಜೆಸಿಬಿ, ಪರಿಹಾರ ಕೇಂದ್ರ ಎಲ್ಲದರ ಲೆಕ್ಕ ಮೊದಲೇ ಹಾಕುತ್ತಾರೆ. ಆ ಲೆಕ್ಕದಲ್ಲಿ ಇನ್ನೊಂದು ಸಾಲು ಸೇರಲಿ: ಆಮ್ಲಜನಕದ ಯಂತ್ರವಿರುವ ಮನೆಗಳು, ಪಂಚಾಯಿತಿವಾರು, ಟೀಸಿವಾರು. ಒಂದು ಪ್ರತಿ ಲೈನ್‌ಮ್ಯಾನ್ ಕೈಯಲ್ಲಿ, ಒಂದು 108ರವರ ಹತ್ತಿರ, ಒಂದು ಪಂಚಾಯಿತಿಯ ಗೋಡೆಯ ಮೇಲೆ ಬೇಡ, ಬೀರುವಿನೊಳಗೆ. ರೋಗಿಗಳ ಹೆಸರು ಊರೆಲ್ಲ ಓದುವುದು ಬೇಡ. ಆಸ್ಟ್ರೇಲಿಯಾದಲ್ಲಿ, ಬ್ರಿಟನ್ನಿನಲ್ಲಿ ವಿದ್ಯುತ್ ಕಂಪನಿಗಳು ಇಂಥ ಮನೆಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಅವರಿಗಿಂತ ನಮಗೆ ಇದರ ಅಗತ್ಯ ಹೆಚ್ಚು, ಅವರಲ್ಲಿ ಕಕ್ಕಡದ ಮಳೆಯಿಲ್ಲ.

ರಸ್ತೆ ಮುಳುಗುವ ಊರುಗಳು ಯಾವುವು ಎಂದು ನಮಗೆಲ್ಲ ಗೊತ್ತಿದೆ. ಅಂಥ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತುಂಬಿಸಿದ ದೊಡ್ಡ ಸಿಲಿಂಡರ್ ಇಟ್ಟರೆ ಒಬ್ಬ ರೋಗಿಗೆ ಎರಡು ದಿನ ದಾಟುತ್ತದೆ. 7,000 ಲೀಟರಿನದು, ನಿಮಿಷಕ್ಕೆ 2 ಲೀಟರಿನಂತೆ ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರನ್ನೂ ಸೇರಿಸಿ. ಅವರು ವಾರಕ್ಕೆ ಎರಡು ಮೂರು ಸಲ ದಾರಿ ದಾಟಲೇಬೇಕು.

ಕಸುಬಿನವರ ವಿಷಯ ಒಂದಿದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಉಪಕರಣಕ್ಕೆ 15,000 ರೂಪಾಯಿಯ ತನಕ ಸಹಾಯವಿದೆ. ಒಳ್ಳೆಯದು. ಅಪ್ಪನಿಗೆ ಆಗಲೇ ಸುತ್ತಿಗೆ ಎತ್ತಲು ಆಗುತ್ತಿರಲಿಲ್ಲ. ಉಪಕರಣ ಕೊಡುವಾಗ ಹೊಗೆ ಹೊರಗೆ ಎಳೆಯುವ ಒಂದು ಕೊಳವೆ ಹಾಕಿಸಿ, ವರ್ಷಕ್ಕೊಮ್ಮೆ ಆ ಊದುವ ಪರೀಕ್ಷೆ ಮಾಡಿಸಿ. ಈಗಲೂ ಕುಲುಮೆ ನಡೆಸುತ್ತಿರುವ ಅಣ್ಣಂದಿರೇ, ಕಿಟಕಿಯ ಗೋಣಿಚೀಲ ಬಿಚ್ಚಬೇಡಿ, ಬಣ್ಣ ನೋಡಬೇಕು ಎಂದು ನನಗೂ ಗೊತ್ತು. ಮಾಡಿನ ತುದಿಯಲ್ಲಿ ನಾಲ್ಕು ಹೆಂಚು ತೆಗೆದು ಹೊಗೆಗೆ ದಾರಿ ಮಾಡಿ.

ಕರೆಂಟು ಹೋಗಿ ಅಪ್ಪ ಸತ್ತರು ಎಂದು ನಾನು ಹೇಳುತ್ತಿಲ್ಲ. ಹಾಗೆ ಆಗಲಿಲ್ಲ. ಆದರೆ ಆ ನಾಲ್ಕು ದಿನದ ಮುಂಚೆ ಅವರು ನಳಿಕೆ ಎಳೆದುಕೊಂಡು ಕುಲುಮೆಯ ಬಾಗಿಲ ತನಕ ನಡೆದು ಬರುತ್ತಿದ್ದರು. ಆಮೇಲೆ ಬರಲಿಲ್ಲ.

ಒಂದೇ ಒಂದು ದಿನ ಬಂದರು. ಆ ವರ್ಷದ ಕೈಲ್ ಮುಹೂರ್ತಕ್ಕೆ. ಆ ಹಬ್ಬದಲ್ಲಿ ಆಯುಧಗಳನ್ನೆಲ್ಲ ತೊಳೆದು, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುವುದು ಕೊಡಗಿನಲ್ಲಿ ನಡೆದು ಬಂದದ್ದು. ನಮ್ಮ ಮನೆಯಲ್ಲಿ ಸುತ್ತಿಗೆ, ಇಕ್ಕಳ, ಅಡಿಗಲ್ಲಿಗೆ ಪೂಜೆ. ದೀಪ ಹಚ್ಚದೆ ಪೂಜೆ ಹೇಗೆ? ನಾನು ಯಂತ್ರ ನಿಲ್ಲಿಸಿದೆ. ಅಮ್ಮ ನಳಿಕೆ ತೆಗೆದು, ಅವರ ಮುಖ ಒರೆಸಿ, ಬೇರೆ ಅಂಗಿ ತೊಡಿಸಿದರು. ಎರಡೂ ಕಡೆ ಹಿಡಿದುಕೊಂಡು ಹದಿನೆಂಟು ಹೆಜ್ಜೆ ನಡೆಸಿದೆವು. ಅಪ್ಪ ಬೆಂಕಿಪೊಟ್ಟಣ ತೆಗೆದುಕೊಂಡರು, ಕೈ ನಡುಗಿ ಮೊದಲ ಎರಡು ಕಡ್ಡಿ ಹತ್ತಲಿಲ್ಲ. ಮೂರನೆಯದರಲ್ಲಿ ದೀಪ ಹಚ್ಚಿದರು. ಆ ಬೆಳಕಿನಲ್ಲಿ ಅಡಿಗಲ್ಲಿನ ಮೇಲೆ ಸುತ್ತಿಗೆ ಇಟ್ಟು, ಒಂದು ಹಗುರ ಏಟು ಹೊಡೆದರು. ಖಾಲಿ ಏಟು. ವಾಪಸ್ ಬಂದು ನಳಿಕೆ ಹಾಕಿಕೊಂಡಾಗ 74 ಇತ್ತು. 'ಬಣ್ಣ ಎಷ್ಟು?' ಎಂದು ಕೇಳಿದರು. ಒಣಹುಲ್ಲು ಅಪ್ಪ, ಅಂದೆ.

ತೀರಿಕೊಂಡದ್ದು ಬೆಳಿಗ್ಗೆ ಆರರ ಹೊತ್ತಿಗೆ. ಹೂಮಳೆ ಬಿದ್ದು ಕಾಫಿ ಹೂ ಅರಳಿತ್ತು, ಊರೆಲ್ಲ ಆ ವಾಸನೆ. ಕರೆಂಟಿತ್ತು. ಯಂತ್ರ ಓಡುತ್ತಲೇ ಇತ್ತು. ಅಮ್ಮ ಸ್ವಿಚ್ ಆರಿಸಿದ ಮೇಲೆ ಮನೆಯಲ್ಲಿ ಮೂರು ವರ್ಷದಿಂದ ಕೇಳದಿದ್ದ ಸದ್ದೆಲ್ಲ ಕೇಳತೊಡಗಿತು, ಗೋಡೆ ಗಡಿಯಾರ ಕೂಡ.

ಈಗ ಎರಡು ತಿಳಿಸುವ ಮಾತು. ಕುಲುಮೆಯ ಗೋಡೆಗೆ ಒರಗಿಸಿದ ಹನ್ನೊಂದು ಕತ್ತಿ, ಎರಡು ಗುದ್ದಲಿ ಇನ್ನೂ ಇವೆ. ಅಪ್ಪ ಕಾಯಿಲೆ ಬೀಳುವ ಮೊದಲು ರಿಪೇರಿಗೆ ತೆಗೆದುಕೊಂಡದ್ದು. ಆರು ಮುಗಿದಿವೆ, ಉಳಿದವು ಇಲ್ಲ. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುರುತು ಓದಲು ನನಗೆ ಆಗುತ್ತಿಲ್ಲ, ಅಪ್ಪನಿಗೆ ಮಾತ್ರ ತಿಳಿಯುವ ಗುರುತುಗಳವು. ನಿಮ್ಮದಿದ್ದರೆ ಬಂದು ಗುರುತಿಸಿ ತೆಗೆದುಕೊಂಡು ಹೋಗಿ. ದುಡ್ಡು ಬೇಡ.

ಯಂತ್ರವೂ ಇದೆ. ಫಿಲ್ಟರ್ ಹೊಸದು ಹಾಕಿಸಿದ್ದೇವೆ, ಇನ್ವರ್ಟರಿನ ಬ್ಯಾಟರಿ ಬದಲಿಸಿದ್ದೇವೆ, ಸಿಲಿಂಡರ್ ತುಂಬಿದೆ. ಸುಮ್ಮನೆ ಇಟ್ಟರೆ ಕೆಡುತ್ತದೆ ಎಂದು ಅಮ್ಮ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ನಿಲ್ಲಿಸುತ್ತಾರೆ. ವೈದ್ಯರು ಬರೆದುಕೊಟ್ಟ ಚೀಟಿ ಇರುವ ಯಾರಿಗಾದರೂ ಬೇಕಾದರೆ ಈ ಮಳೆಗೆ ಮುಂಚೆ ಬನ್ನಿ. ನಾಪೋಕ್ಲು ಪೇಟೆಯಲ್ಲಿ ಆಚಾರಿಯ ಮನೆ ಎಂದು ಕೇಳಿದರೆ ದಾರಿ ಹೇಳುತ್ತಾರೆ. ಜೀಪು ಮನೆಯ ಬಾಗಿಲ ತನಕ ಬರುತ್ತದೆ, ಹೊರಿಸಿ ಕೊಡಲು ನಾವಿದ್ದೇವೆ.

ಇತಿ,
ಆಚಾರಿಯ ಎರಡನೆಯ ಮಗಳು
ನಾಪೋಕ್ಲು ಹೋಬಳಿ, ಕೊಡಗು